ಪೊಳ್ಳು ಗಾರೆ

ಬಂಡೆಯ ನಾಡಿ ನೋಡುವುದು ಅವಳ ಕೆಲಸ. ಗಣಿಯ ಸುರಂಗದ ಗೋಡೆಗೆ ಒಂದು ಕಡೆ ಸುತ್ತಿಗೆಯಿಂದ ಬಡಿದರೆ, ಇನ್ನೊಂದು ಕಡೆ ಅಂಟಿಸಿದ ಸೆನ್ಸರಿಗೆ ಅದರ ಕಂಪನ ಬರುತ್ತದೆ. ಗಟ್ಟಿ ಬಂಡೆಯಾದರೆ ಅದು ಹೆಚ್ಚು ಕುಗ್ಗದೆ ಬರುತ್ತದೆ. ಬಿರುಕು ಬಿಟ್ಟಿದ್ದರೆ ದಾರಿಯಲ್ಲೇ ಸತ್ತುಹೋಗುತ್ತದೆ. ಅಷ್ಟೇ ವಿದ್ಯೆ. ಆದರೆ ಆ ವಿದ್ಯೆಯ ಮೇಲೆ ಅವಳಿಗಿದ್ದ ಜಂಬ ಇದೆಯಲ್ಲ, ಅಬ್ಬಬ್ಬಾ!

ಹಿಂದಿನ ದಿನ ದಕ್ಷಿಣದ ಸುರಂಗದಲ್ಲಿ ಕಂಪನ ಪೂರ್ತಿ ಸತ್ತಿತ್ತು. ಅಲ್ಲಿ ಬಂಡೆಗೆ ಬೋಲ್ಟು ಬಿಗಿದು ಭದ್ರ ಮಾಡಿದವನು ಅವಳ ಸೋದರಮಾವ. ಗಣಿಯವರ ಬಾಯಲ್ಲಿ ಬೋಲ್ಟುಮಾವ. ಸ್ವಂತ ಮಾವನೆಂದು ಬಿಟ್ಟಳು ಅಂತ ಯಾರೂ ಆಡಿಕೊಳ್ಳಬಾರದಲ್ಲ! ಎಲ್ಲರ ಮುಂದೆಯೇ ಜಾಡಿಸಿದಳು.

“ಬೋಲ್ಟ್ ಬಿಗಿದಿದ್ದೀರೋ, ಸುಮ್ನೆ ಸಿಕ್ಕಿಸಿ ಬಂದಿದ್ದೀರೋ? ಒಳಗೆ ಬಂಡೆ ಚೂರುಚೂರಾಗಿದೆ!”

ಮ್ಯಾನೇಜರ್ ಮಾವನನ್ನು ಬೋಲ್ಟಿನ ಕೆಲಸದಿಂದ ಬಿಡಿಸಿ ದೀಪ ಕೊಡುವ ಕೋಣೆಗೆ ಹಾಕಿದ.

ಇವತ್ತು ಬೆಳಿಗ್ಗೆ ಅವಳು ಸೆನ್ಸರ್ ಕೀಳಲು ಹೋದಾಗ, ಅದರ ಜೊತೆ ಗೋಡೆಯ ಸಿಮೆಂಟ್ ಗಾರೆಯೂ ಚಕ್ಕೆಯಾಗಿ ಎದ್ದು ಬಂತು. ಹಿಂದೆ ಬರೀ ಪೊಳ್ಳು. ಸೆನ್ಸರನ್ನು ಅವಳು ಅಂಟಿಸಿದ್ದು ಬಂಡೆಗಲ್ಲ, ಬಿಟ್ಟುಕೊಂಡಿದ್ದ ಗಾರೆಗೆ! ಮೊದಲು ಬೆರಳಲ್ಲಿ ತಟ್ಟಿ ನೋಡಿದ್ದರೆ ಸಾಕಿತ್ತು. ಗಾರೆ ಕೆರೆದು, ಬರಿಬಂಡೆಗೇ ಅಂಟಿಸಿ ಮತ್ತೆ ಬಡಿದಳು. ಕಂಪನ ಚೊಕ್ಕವಾಗಿ ಬಂತು. ಬಂಡೆ ಗಟ್ಟಿಮುಟ್ಟಾಗಿತ್ತು. ಅವಳಿಗೆ ಮುಖ ಎಲ್ಲಿಡಬೇಕೆಂದು ತಿಳಿಯದಷ್ಟು ನಾಚಿಕೆಯಾಯಿತು.

ದೀಪದ ಕೋಣೆಯ ಮುಂದೆ ಕೆಲಸಗಾರರ ಸಾಲು. ಮಾವ ಹೆಲ್ಮೆಟ್ಟಿನ ದೀಪಗಳನ್ನು ಒಂದೊಂದಾಗಿ ಎತ್ತಿ ಕೊಡುತ್ತಿದ್ದ. ಸಂಜೆ ಮನೆಯಲ್ಲಿ ಗುಟ್ಟಾಗಿ ಹೇಳಿದರಾಗದೇ ಎಂದು ಅವಳ ಮನಸ್ಸು ಗೊಣಗಿತು. ಥೂ, ಬೈಯುವಾಗ ಎಲ್ಲರೂ ಬೇಕಿತ್ತು, ಈಗ ಗುಟ್ಟೇ?

“ಮಾವ, ತಪ್ಪು ನಂದು. ಸೆನ್ಸರ್ ಅಂಟಿಸಿದ್ದೇ ಸರಿ ಇರ್ಲಿಲ್ಲ. ನಿಮ್ಮ ಬೋಲ್ಟೂ ಸರಿ, ಬಂಡೆನೂ ಸರಿ,” ಎಂದು ಜೋರಾಗಿಯೇ ಹೇಳಿದಳು.

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾವ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕೈಯಲ್ಲಿದ್ದ ದೀಪ ಕೆಳಗಿಟ್ಟ.

“ನೀನು ಹೇಳಿದ್ಮೇಲೆ ನಿಜಾನೇ ಇರ್ಬೇಕು ಅಂದ್ಕೊಂಡೆ ಪುಟ್ಟಿ. ಹೋದ ವರ್ಷ ಬಂಡೆ ಬಿದ್ದು ನಮ್ಮ ಡ್ರಿಲ್ಲರ್ ಸತ್ತನಲ್ಲ, ಅಲ್ಲೂ ಬೋಲ್ಟ್ ಬಿಗಿದವನು ನಾನೇ. ನಿನ್ನೆ ಅವನ ಹೆಂಡತಿ ಹತ್ರ ಹೋಗಿ, ನಿನ್ನ ಗಂಡನ್ನ ಕೊಂದವನು ನಾನೇ ಕಣಮ್ಮ, ಕ್ಷಮಿಸು ಅಂತ ಹೇಳ್ಬಿಟ್ಟೆ.”

“ನಡೀರಿ ಮಾವ, ಈಗ್ಲೇ ಹೋಗೋಣ. ಅವರಿಗೆ ನಾನೇ ಹೇಳ್ತೀನಿ.”

“ಹೇಳಿದ್ರೆ ನಂಬ್ತಾಳಾ?” ಮಾವ ಮೆಲ್ಲಗೆ ಕೇಳಿದ. “ಸುಳ್ಳು ಹೇಳ್ಸೋಕೆ ಅಕ್ಕನ ಮಗಳನ್ನ ಕರ್ಕೊಂಡು ಬಂದಿದ್ದಾನೆ ಅಂತಾಳೆ.”