ಸೊಂಟ ಹಿಡಿದಿದೆ

ನಾನು ಕತ್ತರಿಸುವವನು, ನನ್ನ ಹೆಂಡತಿ ಹೊಲಿಯುವವಳು. ನಮ್ಮ ಅಂಗಡಿ ನಡೆಯುವುದು ಹೀಗೆ, ಸಂಸಾರ ನಡೆಯುವುದೂ ಹೀಗೆಯೇ. ನಾನು ಒಂದು ಮಾತು ಕತ್ತರಿಸಿ ಎಸೆದರೆ ಅವಳು ಅದಕ್ಕೆ ನಾಲ್ಕು ಸೇರಿಸಿ ಹೊಲಿದು ವಾಪಸು ಕೊಡುತ್ತಾಳೆ. ಗಿರಾಕಿಗಳು ನನ್ನನ್ನು ಮಾಸ್ಟ್ರು ಅನ್ನುತ್ತಾರೆ, ಅವಳನ್ನು ಅಕ್ಕ ಅನ್ನುತ್ತಾರೆ. ದೂರು ಹೇಳುವುದಿದ್ದರೆ ನನ್ನ ಹತ್ತಿರ ಬರುತ್ತಾರೆ, ಕೆಲಸ ಆಗಬೇಕಿದ್ದರೆ ಅವಳ ಹತ್ತಿರ ಹೋಗುತ್ತಾರೆ.

ನಮ್ಮ ಕಸುಬಿನಲ್ಲಿ ಎರಡು ಮಾತು ಗೊತ್ತಿದ್ದರೆ ಸಾಕು. ಬಟ್ಟೆ ಸಡಿಲವಾಗಿದ್ದರೆ ಹಿಡಿಯುವುದು, ಬಿಗಿಯಾಗಿದ್ದರೆ ಬಿಡುವುದು. ತೋಳು ಹಿಡಿ, ಎದೆ ಬಿಡು, ಭುಜ ಹಿಡಿ ಎಂದು ನಾವು ಕೂಗಾಡುವುದನ್ನು ರಸ್ತೆಯಲ್ಲಿ ಹೋಗುವವರು ಕೇಳಿದರೆ ಒಳಗೆ ಕುಸ್ತಿ ನಡೆಯುತ್ತಿದೆ ಅಂದುಕೊಳ್ಳಬೇಕು. ಬಿಡುವುದಕ್ಕೆ ಬೇಕಾಗುತ್ತದೆ ಎಂದು ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಇಟ್ಟಿರುತ್ತೇವೆ. ಮನುಷ್ಯ ಒಂದೇ ಅಳತೆಯಲ್ಲಿ ನಿಲ್ಲುವ ಪ್ರಾಣಿಯಲ್ಲ ಎಂದು ನನಗೆ ಕೆಲಸ ಕಲಿಸಿದ ಅಪ್ಪ ಹೇಳುತ್ತಿದ್ದರು. ಅವರದೇ ಇನ್ನೊಂದು ಮಾತಿತ್ತು: ದರ್ಜಿ ತನ್ನ ಅಳತೆ ತಾನು ತೆಗೆಯಬಾರದು, ಟೇಪು ಕಂಡ ಕೂಡಲೇ ಸ್ವಂತ ಹೊಟ್ಟೆ ಸುಳ್ಳು ಹೇಳುತ್ತದೆ. ಅದನ್ನು ನಾನು ಇವತ್ತಿಗೂ ಮೀರಿಲ್ಲ. ಈ ಕಥೆಯಲ್ಲಿ ನಾನು ಮೂರ್ಖನಾದದ್ದಕ್ಕೆ ಅದೂ ಒಂದು ಕಾರಣ.

ಮೊಣಕೈಯಲ್ಲಿ, ಕೂದಲ ಅಂಚಿನಲ್ಲಿ ಕೆಂಪಗೆ ಎದ್ದು ಹೊಟ್ಟು ಉದುರುವ ಸೋರಿಯಾಸಿಸ್ ನನಗೆ ಬಹಳ ವರ್ಷದಿಂದ ಇತ್ತು. ಬಾಡಿಗೆ ಕೊಡದ, ಜಗಳವನ್ನೂ ಆಡದ ಬಿಡಾರದವನಂತೆ ಅದರ ಪಾಡಿಗೆ ಅದು ಇತ್ತು, ನನ್ನ ಪಾಡಿಗೆ ನಾನಿದ್ದೆ. ಹೋದ ವರ್ಷ ಅದು ಕೀಲುಗಳಿಗೆ ಇಳಿಯಿತು. ಬಲಗೈಯ ತೋರುಬೆರಳು ಬೆಂಡೆಕಾಯಿಯಂತಿದ್ದದ್ದು ಬದನೆಕಾಯಿಯಾಯಿತು. ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದಂತೆ ಗುಳಿಗಳು ಬಿದ್ದವು. ಬೆಳಿಗ್ಗೆ ಎದ್ದು ನೆಲಕ್ಕೆ ಹಿಮ್ಮಡಿ ಊರಿದರೆ ಅಪ್ಪ ಅಮ್ಮ ಇಬ್ಬರೂ ನೆನಪಾಗುತ್ತಿದ್ದರು. ಬೆನ್ನು, ಸೊಂಟ ಹಿಡಿದುಕೊಂಡರೆ ಬಿಡಲು ಅರ್ಧ ಬೆಳಗೇ ಬೇಕಿತ್ತು.

ಡಾಕ್ಟರಮ್ಮ ನನ್ನ ಬೆರಳನ್ನೂ ಉಗುರನ್ನೂ ತಿರುಗಿಸಿ ನೋಡಿ, "ಇದು ಸೋರಿಯಾಟಿಕ್ ಸಂಧಿವಾತ. ಚರ್ಮದ್ದೂ ಕೀಲಿನದ್ದೂ ಒಂದೇ ಕಾಯಿಲೆ," ಅಂದರು. ಮಾತ್ರೆ ಬರೆದುಕೊಟ್ಟರು. "ಮಾತ್ರೆ ಬಿಡಬೇಡಿ, ತೂಕ ಬಿಡಿ. ಭಾರ ಇಳಿದ್ರೆ ಕೀಲಿಗೆ ಆರಾಮ, ಔಷಧಿನೂ ಚೆನ್ನಾಗಿ ಕೆಲಸ ಮಾಡುತ್ತೆ. ಸಕ್ಕರೆ, ಕರಿದಿದ್ದು ಕಡಿಮೆ ಮಾಡಿ. ನೀರಿಗಿಳಿದು ವ್ಯಾಯಾಮ ಮಾಡಿ. ಇಂಥದ್ದು ತಿಂದ್ರೆ ಕಾಯಿಲೆ ಪೂರ್ತಿ ವಾಸಿ ಅಂತ ಯಾರಾದ್ರೂ ಹೇಳಿದ್ರೆ ಮಾತ್ರ ನಂಬಬೇಡಿ."

"ಕತ್ತರಿ ಹಿಡೀಬಹುದಾ ಡಾಕ್ಟ್ರೇ?" ಅಂತ ಕೇಳಿದೆ. ನನಗೆ ಬೇಕಾಗಿದ್ದದ್ದು ಅದೊಂದೇ.

"ಊತ ಇಳೀಲಿ, ನೋಡೋಣ," ಅಂದರು.

ಕತ್ತರಿಯ ಚಿಂತೆಗೆ ಕಾರಣ ಇತ್ತು. ನನ್ನ ಮಗಳು ಅಗ್ನಿಶಾಮಕ ದಳದಲ್ಲಿ ತರಬೇತಿ ಪಡೆಯುತ್ತಿದ್ದಳು. ತರಬೇತಿ ಮುಗಿಯುವ ದಿನದ ಕವಾಯತಿಗೆ ಕೋಟು ಬೇಕು. ದಳದವರು ಕಡುನೀಲಿ ಉಣ್ಣೆಯ ಬಟ್ಟೆ ಕೊಟ್ಟು, ನಿಮ್ಮ ನಿಮ್ಮ ದರ್ಜಿಗಳ ಹತ್ತಿರ ಹೊಲಿಸಿಕೊಳ್ಳಿ ಅಂದಿದ್ದರು. ಅವಳು ಆ ಬಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟು, "ಅಪ್ಪ, ಇದನ್ನ ನೀನೇ ಕತ್ತರಿಸಬೇಕು, ಬೇರೆ ಯಾರೂ ಮುಟ್ಟಬಾರದು," ಅಂದಳು. ಅಂಥ ದಪ್ಪ ಬಟ್ಟೆಗೆ ನಮ್ಮಪ್ಪನ ಕಾಲದ ದೊಡ್ಡ ಕತ್ತರಿಯೇ ಬೇಕು. ಅದರ ಹಿಡಿಯೊಳಗೆ ನನ್ನ ಬೆರಳು ಹೋಗುತ್ತಲೇ ಇರಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದೆ. ಸಣ್ಣಪುಟ್ಟದ್ದನ್ನು ಚಿಕ್ಕ ಕತ್ತರಿಯಲ್ಲಿ ಹೆಂಡತಿಯೇ ಕತ್ತರಿಸತೊಡಗಿದಳು. ಒಂದು ದಿನ ಅವಳು ಬಹಳ ಮೆತ್ತಗೆ, "ಇನ್ನು ಮೂರು ತಿಂಗಳಾದ್ರೂ ಕೈ ಬರದಿದ್ರೆ ಮೂಲೆ ಅಂಗಡಿ ಮಾಸ್ಟ್ರಿಗೆ ಕೊಡೋಣ್ವಾ?" ಅಂದಳು. ಅವಳು ಗದರಿದ್ದರೆ ಸಹಿಸುತ್ತಿದ್ದೆ. ಮೆತ್ತಗೆ ಹೇಳಿದ್ದೇ ಚುಚ್ಚಿತು.

ಸರಿ, ಹಠ ಹಿಡಿದೆ. ಸಕ್ಕರೆಯಿಲ್ಲದ ಚಹಾ ಕುಡಿದೆ. ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿ. ಆ ರಾಶಿಯನ್ನು ಹಸು ನೋಡಿದ್ದರೆ ಪಾಲು ಕೇಳುತ್ತಿತ್ತು. ಎದುರಿಗೇ ಬೇಕರಿ. ಬೆಳಿಗ್ಗೆ ಬೇಕರಿಯವನು ಒಲೆಯ ಬಾಗಿಲು ತೆಗೆದರೆ ಬೆಣ್ಣೆಯ ವಾಸನೆ ರಸ್ತೆ ದಾಟಿ ನೇರ ನನ್ನನ್ನೇ ವಿಚಾರಿಸಿಕೊಂಡು ಬರುತ್ತಿತ್ತು. ನಾನು ಮುಖ ತಿರುಗಿಸಿ ಇಸ್ತ್ರಿ ಮಾಡುತ್ತಿದ್ದೆ.

ಮಗಳು ತನ್ನ ತರಬೇತಿಯ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸಿಕೊಂಡಳು. ಬೆಳಿಗ್ಗೆ ಬಿಸಿನೀರಿನ ಪಾತ್ರೆಯಲ್ಲಿ ಕೈ ಮುಳುಗಿಸಿ ಬೆರಳು ಮಡಿಚಿ ಬಿಚ್ಚಬೇಕು, ಅವಳು ಪಕ್ಕದಲ್ಲಿ ನಿಂತು ಸೀಟಿ ಊದುವಳು. ಆಮೇಲೆ ಈಜುಕೊಳ. ಮೊದಲ ದಿನ ಅಂಗಿ ಬಿಚ್ಚಲು ನನಗೆ ನಾಚಿಕೆಯಾಯಿತು. ಮೈಮೇಲಿನ ಕಲೆಗಳನ್ನು ಇಷ್ಟು ವರ್ಷ ಉದ್ದ ತೋಳಿನೊಳಗೆ ಬಚ್ಚಿಟ್ಟವನು ನಾನು. ಎದೆಮಟ್ಟ ನೀರಿನಲ್ಲಿ ನಿಂತು ಕೈಕಾಲು ಆಡಿಸುವ ಮುದುಕರ ಗುಂಪಿನಲ್ಲಿ ಒಬ್ಬರು ನಿವೃತ್ತ ರೈಲ್ವೆ ಗಾರ್ಡು. ಜೀವನವೆಲ್ಲ ಗಾಡಿಯ ಸದ್ದಿನ ಮೇಲೆ ಕೂಗಿದವರು, ಗುಟ್ಟು ಹೇಳಿದರೂ ಊರಿಗೇ ಕೇಳುತ್ತದೆ.

"ಮಾಸ್ಟ್ರೇ, ಇದು ಅಂಟುತ್ತಾ?" ಅಂದರು ನನ್ನ ಮೊಣಕೈ ನೋಡಿ. ಕೊಳದಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು.

ನನಗೆ ಪಿತ್ತ ನೆತ್ತಿಗೇರಿತು. "ಅಂಟೋದಾಗಿದ್ರೆ ನನ್ನ ಹೆಂಡ್ತಿಗೆ ಮೊದ್ಲು ಅಂಟಬೇಕಿತ್ತು. ಇಷ್ಟು ವರ್ಷದಲ್ಲಿ ಅವಳಿಗೆ ನನ್ನ ಒಂದು ಮಾತೂ ಅಂಟಿಲ್ಲ!"

ಗಾರ್ಡು ಸಾಹೇಬರು ನಕ್ಕ ರಭಸಕ್ಕೆ ನೀರು ಕುಡಿದು ಕೆಮ್ಮಿದರು. ಅವತ್ತಿನಿಂದ ನನ್ನ ಪಕ್ಕದ ಜಾಗ ಅವರದೇ. ಕಲೆಗಳ ವಿಷಯ ಆಮೇಲೆ ಯಾರೂ ಎತ್ತಲಿಲ್ಲ, ನನಗೂ ಮರೆತುಹೋಯಿತು.

ಮನೆಯಲ್ಲಿ ತೂಕದ ಯಂತ್ರ ಇಡಲು ನಾನು ಒಪ್ಪಲಿಲ್ಲ. ತಕ್ಕಡಿ ಇರುವುದು ತರಕಾರಿಗೆ. ಟೇಪು ಸುತ್ತಿಕೊಳ್ಳುವ ಹಾಗಿಲ್ಲ, ಅಪ್ಪನ ಆಣೆ. ನನಗಿದ್ದ ಒಂದೇ ಸಾಕ್ಷಿ ನನ್ನ ಬೂದುಬಣ್ಣದ ಪ್ಯಾಂಟು. ಅಂಗಡಿಗೂ ಅದೇ, ಆಚೆಗೂ ಅದೇ. ಶನಿವಾರ ಹೆಂಡತಿ ಒಗೆದು ಇಸ್ತ್ರಿ ಮಾಡಿಟ್ಟರೆ ಭಾನುವಾರ ಬೆಳಿಗ್ಗೆ ಹಾಕಿಕೊಂಡು ಸೊಂಟದ ಕೊಕ್ಕೆ ಸಿಕ್ಕಿಸಿ ನೋಡುತ್ತಿದ್ದೆ. ಸಡಿಲವಾಗಿದೆಯೇ? ಇಲ್ಲ. ಮುಂದಿನ ಭಾನುವಾರ? ಇಲ್ಲ. ಕೊಕ್ಕೆ ಹೋದ ವಾರ ಎಷ್ಟು ಬಿಗಿಯಿತ್ತೋ ಈ ವಾರವೂ ಅಷ್ಟೇ. ನಾನು ತಿಂದ ಸೊಪ್ಪೆಲ್ಲ ಎಲ್ಲಿಗೆ ಹೋಯಿತು?

ಇದರ ಮಧ್ಯೆ ಹೆಂಡತಿಯದೊಂದು ರಾಗ. ಶನಿವಾರ ಸಂಜೆ ನಾನು ಬಿಸಿನೀರಿನಲ್ಲಿ ಕೈ ಇಟ್ಟು ಕೂತಿರುವಾಗ ಒಳಗಿಂದ, ಮಿಷನ್ನಿನ ಸದ್ದಿನ ನಡುವೆ ಕೂಗುವಳು. "ರೀ, ಸೊಂಟ ಹಿಡ್ದಿದೆ!"

"ಗೊತ್ತು ಕಣೇ, ಗೊತ್ತು," ಅನ್ನುತ್ತಿದ್ದೆ. ನಾನು ಕೂರುವ ಭಂಗಿ ನೋಡಿಯೇ ಸೊಂಟ ಹಿಡಿದಿದೆ ಎಂದು ಕಂಡುಹಿಡಿಯುತ್ತಾಳಲ್ಲ ಎಂದು ಮನಸ್ಸಿಗೆ ಹಿತವೂ ಆಗುತ್ತಿತ್ತು. ಆದರೆ ಒಂದು ಶನಿವಾರ, "ಬರೋ ವಾರ ಇನ್ನೂ ಸ್ವಲ್ಪ ಹಿಡಿಯೋ ಹಾಗಿದೆ," ಅಂತಲೂ ಸೇರಿಸಿದಳು. ಶುಭ ನುಡಿಯೋ ಸೋಮ ಅಂದರೆ ಗೂಬೆ ಕಾಣ್ತದಲ್ಲೋ ಮಾಮ ಅಂದ ಹಾಗಾಯಿತು. ಆ ರಾತ್ರಿ ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಮೂರನೇ ತಿಂಗಳ ಕೊನೆಯ ಭಾನುವಾರ ಬಂತು. ಕೊಕ್ಕೆ ಸಿಕ್ಕಿಸಿದೆ. ಅದೇ ಬಿಗಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸೊಂಟವೇ ಇಳಿಯದ ಮೇಲೆ ಬೆರಳು ಎಲ್ಲಿಂದ ಇಳಿದೀತು ಅನಿಸಿತು. ಮೊಳೆಯಲ್ಲಿದ್ದ ಕತ್ತರಿಯನ್ನು ಮುಟ್ಟಿ ನೋಡಲೂ ಹೆದರಿಕೆ. ಮುಟ್ಟಿ, ಆಗದೆ ಹೋದರೆ, ಆಮೇಲೆ ಆಸೆ ಇಟ್ಟುಕೊಳ್ಳಲೂ ಏನೂ ಉಳಿಯುವುದಿಲ್ಲವಲ್ಲ.

ನೇರ ರಸ್ತೆ ದಾಟಿ ಬೇಕರಿಗೆ ಹೋದೆ. ದೊಡ್ಡದೊಂದು ಕ್ರೀಮು ಕೇಕು ಕೊಂಡು ನಿಂತಲ್ಲೇ ತಿಂದೆ. ಊದಿದ ಬೆರಳಲ್ಲಿ ಕೇಕು ನಿಲ್ಲಬೇಕಲ್ಲ, ಅರ್ಧ ಹೊಟ್ಟೆಗೆ, ಅರ್ಧ ಪ್ಯಾಂಟಿಗೆ. ಹಾಗೇ ಮನೆಗೆ ಬಂದು ಹೆಂಡತಿಗೂ ಮಗಳಿಗೂ ಹೇಳಿದೆ: "ಸೊಪ್ಪೂ ಬೇಡ, ಈಜೂ ಬೇಡ. ಆ ಬಟ್ಟೆನ ನಾಳೆ ಮೂಲೆ ಅಂಗಡಿಗೆ ಕೊಟ್ಟುಬಿಡಿ."

ಮಗಳು ಏನೋ ಹೇಳಲು ಬಾಯಿ ತೆರೆದಳು. ಅವಳ ತಾಯಿ ಕಣ್ಣಲ್ಲೇ ಸುಮ್ಮನಿರಿಸಿ, ನೀಲಿ ಬಟ್ಟೆಯನ್ನು ಕಾಗದದಲ್ಲಿ ಸುತ್ತಿ ದಾರ ಕಟ್ಟಿದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಕೈಯಿಂದ ಬದುಕಿದವನಿಗೆ ಕೈ ಹೋದರೆ ಏನು ಉಳಿಯುತ್ತದೆ?

ಸೋಮವಾರ ಬೂದು ಪ್ಯಾಂಟು ಕ್ರೀಮಿನ ಕಲೆ ಹೋಗಲೆಂದು ಸೋಪಿನ ನೀರಿನಲ್ಲಿ ನೆನೆದು ಆಮೇಲೆ ಹಗ್ಗದ ಮೇಲೆ ಒಣಗುತ್ತಿತ್ತು. ಬೀರುವಿನ ತಳದಿಂದ ಹಳೇ ಕಂದು ಪ್ಯಾಂಟು ತೆಗೆದು ಹಾಕಿಕೊಂಡೆ. ಸಡಿಲ ಅನಿಸಿತು. ಹಳೇ ಬಟ್ಟೆ, ಜಗ್ಗಿದೆ ಅಂದುಕೊಂಡೆ. ಕೋಪ ಬಂದ ದರ್ಜಿಗೆ ಬಟ್ಟೆಯ ತಪ್ಪೇ ಕಾಣುವುದು.

ಅಂಗಡಿ ತೆರೆಯುತ್ತಲೇ ಗಾರ್ಡು ಸಾಹೇಬರು ಬಂದರು. "ಏನ್ ಮಾಸ್ಟ್ರೇ, ಬೆಳಿಗ್ಗೆ ಕೊಳಕ್ಕೆ ಬರ್ಲಿಲ್ಲ?" ಎಂದು ರಸ್ತೆಗೆಲ್ಲ ಕೇಳುವಂತೆ ವಿಚಾರಿಸಿ, ಮೊಮ್ಮಗನ ಶಾಲೆಯ ಸಮಾರಂಭಕ್ಕೆ ತಮಗೊಂದು ಕೋಟು ಬೇಕು ಅಂದರು. ಅಳತೆ ತೆಗೆಯಲು ಕೈಗೇನೂ ಕಷ್ಟವಿಲ್ಲ. ತುಟಿಯಲ್ಲಿ ಗುಂಡುಪಿನ್ನು ಕಚ್ಚಿ, ಎರಡೂ ತೋಳನ್ನು ಅವರ ಎದೆಯ ಸುತ್ತ ಹಾಕಿ ಟೇಪು ಹಿಡಿದೆ. ಅಷ್ಟರಲ್ಲಿ ಸೊಂಟದ ಹತ್ತಿರ ತಣ್ಣಗೆ ಗಾಳಿಯಾಡಿತು. ಬಗ್ಗಿ ಹಿಡಿಯಲು ಕೈ ಬಿಡುವಿಲ್ಲ, ಕೂಗಲು ಬಾಯಿ ಬಿಡುವಿಲ್ಲ. ಕಂದು ಪ್ಯಾಂಟು ಯಾವ ಅವಸರವೂ ಇಲ್ಲದೆ ಮೊಣಕಾಲು ದಾಟಿ ಪಾದದ ಮೇಲೆ ಕೂತಿತು.

ಗಾರ್ಡು ಸಾಹೇಬರು ಕನ್ನಡಿಯಲ್ಲಿ ನೋಡಿ ಗುಡುಗಿದರು. "ಸಿಗ್ನಲ್ ಬಿತ್ತು! ಗಾಡಿ ಬಿಡಬಹುದು!"

ಮಿಷನ್ನಿನ ಮುಂದಿದ್ದ ಹೆಂಡತಿ ಎದ್ದು ಓಡಿಬಂದಳು. "ಅಯ್ಯೋ, ಇದನ್ಯಾಕೆ ಹಾಕ್ಕೊಂಡ್ರಿ? ಇದರ ಸೊಂಟ ಇನ್ನೂ ಹಿಡಿದಿಲ್ಲ!"

ನಾನು ಪಿನ್ನು ಉಗಿದು ಪ್ಯಾಂಟು ಎಳೆದುಕೊಂಡೆ. "ಏನಂದೆ?"

"ಬೂದು ಪ್ಯಾಂಟಿಂದು ಮಾತ್ರ ಹಿಡ್ದಿರೋದು. ಶನಿವಾರ ಶನಿವಾರ ಹೇಳ್ತಾನೇ ಇದೀನಲ್ಲ, ಸೊಂಟ ಹಿಡ್ದಿದೆ ಅಂತ. ನೀವೂ ಗೊತ್ತು ಗೊತ್ತು ಅಂತೀರಿ."

"ನಾನು... ನನ್ನ ಸೊಂಟ ಹಿಡ್ಕೊಂಡಿದೆ ಅಂತ ಹೇಳ್ತಿದೀಯ ಅಂದ್ಕೊಂಡೆ."

"ನಿಮ್ಮ ಸೊಂಟ ಹಿಡ್ಕೊಂಡ್ರೆ ಅದನ್ನ ನಾನು ನಿಮಗೆ ಹೇಳ್ಬೇಕಾ? ನಿಮಗೇ ಗೊತ್ತಾಗಲ್ವಾ?"

"ಹಿಡಿಯೋಕೆ ಯಾಕೆ ಹೋದೆ ಮಾರಾಯ್ತಿ?" ಅಂದೆ.

"ವಾರ ವಾರ ಇಳೀತಾ ಇದ್ದೀರಿ. ದರ್ಜಿ ಪ್ಯಾಂಟೇ ಜೋತಾಡಿದ್ರೆ ಯಾವ ಗಿರಾಕಿ ಒಳಗೆ ಕಾಲಿಡ್ತಾರೆ?"

ಹಗ್ಗದ ಮೇಲಿದ್ದ ಬೂದು ಪ್ಯಾಂಟನ್ನು ತಂದು ಮೇಜಿನ ಮೇಲೆ ಒಳಮೈ ಹೊರಗೆ ಮಾಡಿ ಹಾಸಿದಳು. ಹಿಂಬದಿಯ ಹೊಲಿಗೆಯ ಪಕ್ಕ ಇನ್ನೊಂದು ಹೊಲಿಗೆ, ಅದರ ಪಕ್ಕ ಮತ್ತೊಂದು. ಪ್ರತಿ ವಾರ ಒಂದಿಷ್ಟು ಒಳಕ್ಕೆ. "ಇದೇನು ಜಂಕ್ಷನ್ನಾ?" ಅಂದರು ಗಾರ್ಡು ಸಾಹೇಬರು. ಹಿಂದಿನ ಎರಡು ಜೇಬುಗಳು ಜಗಳ ಮರೆತ ಅಣ್ಣತಮ್ಮಂದಿರಂತೆ ಒತ್ತಿಕೊಂಡು ನಿಂತಿದ್ದವು. ನಡೆದದ್ದೆಲ್ಲ ನನ್ನ ಬೆನ್ನ ಹಿಂದೆಯೇ. ಕತ್ತರಿಸಿದ ಮೇಲೆ ಹೊಲಿಗೆಯ ಕಡೆ ತಿರುಗಿ ನೋಡದವನಿಗೆ ಹೀಗೇ ಆಗಬೇಕು.

ಹಾಗಾದರೆ ನಾನು ಇಳಿದಿದ್ದೆ. ತಿಂಗಳುಗಟ್ಟಲೆ ಇಳಿಯುತ್ತಲೇ ಇದ್ದೆ. ಕುಣಿಯಬೇಕು ಅನಿಸಿತು, ಕೈಯಲ್ಲಿ ಪ್ಯಾಂಟಿದ್ದದ್ದರಿಂದ ಕುಣಿಯಲಿಲ್ಲ.

ಆಗ ಕಣ್ಣಿಗೆ ಬಿತ್ತು. ಹಿಡಿದು ಉಳಿದ ಬಟ್ಟೆಯೆಲ್ಲ ಹೊಲಿಗೆಯ ಒಳಗೆ ಹಾಗೇ ಮಡಿಕೆಯಾಗಿ ಕೂತಿತ್ತು. "ಇದನ್ನ ಯಾಕೆ ಕತ್ತರಿಸಿಲ್ಲ?" ಅಂದೆ.

ಅವಳು ಮೇಜಿನ ಮೇಲಿನ ದಾರದ ಚೂರು ಆರಿಸತೊಡಗಿದಳು. "ಮತ್ತೆ ಬಿಡೋದು ಬಂದ್ರೆ ಇರ್ಲಿ ಅಂತ. ನಿಮ್ಮ ಹಠ ಎಷ್ಟು ದಿನ ಅಂತ ನನಗೇನು ಗೊತ್ತು?" ಅಂದಳು. ಹೀಯಾಳಿಕೆ ಇರಲಿಲ್ಲ ಆ ದನಿಯಲ್ಲಿ. ನಾನು ಸೋತು ಬಂದರೂ ನನಗೆ ತೊಡಲು ಪ್ಯಾಂಟು ಇರಲಿ ಎಂದು ಅವಳು ಜಾಗ ಇಟ್ಟಿದ್ದಳು.

ಕಂದು ಪ್ಯಾಂಟಿನ ಸೊಂಟಕ್ಕೆ ಒಂದು ಪಿನ್ನು ಚುಚ್ಚಿಕೊಂಡು ಗೋಡೆಯ ಹತ್ತಿರ ಹೋದೆ. ಮೊಳೆಯಿಂದ ದೊಡ್ಡ ಕತ್ತರಿ ತೆಗೆದೆ. ತೋರುಬೆರಳು ಹಿಡಿಯೊಳಗೆ ತುಸು ತಡೆದು, ಹೋಯಿತು. ಒತ್ತಿದೆ. ನೋವು ಇತ್ತು, ಇಲ್ಲವೆಂದರೆ ಸುಳ್ಳು. ಆದರೆ ಎರಡು ಅಲಗೂ ಮುಚ್ಚಿಕೊಂಡವು. ಬೂದು ಪ್ಯಾಂಟಿನ ಮಡಿಕೆಗೆ ಕತ್ತರಿ ಹಚ್ಚಿದೆ.

"ರೀ, ಕತ್ತರಿಸಿದ್ರೆ ಮತ್ತೆ ಬಿಡೋಕಾಗಲ್ಲ, ನೋಡಿ," ಅಂದಳು ಹೆಂಡತಿ.

"ಬಿಡಲ್ಲ ಕಣೇ," ಅಂದೆ. ಕತ್ತರಿಸಿದೆ. ಆಮೇಲೆ, "ಆ ಪೊಟ್ಟಣದ ದಾರ ಬಿಚ್ಚು," ಅಂದೆ.

ಕೋಟಿನ ಬಟ್ಟೆಯನ್ನು ಮೊದಲಿನಂತೆ ಒಂದೇ ಉಸಿರಿಗೆ ಕತ್ತರಿಸಲಾಗಲಿಲ್ಲ. ಬಿಸಿನೀರಿನಲ್ಲಿ ಕೈ ಆಡಿಸಿ ಒಂದು ತೋಳು, ಸುಧಾರಿಸಿಕೊಂಡು ಮರುದಿನ ಇನ್ನೊಂದು. ಕಾಯಿಲೆ ಹೋಗಿಲ್ಲ, ಹೋಗುವುದಿಲ್ಲವೆಂದು ಡಾಕ್ಟರಮ್ಮ ಹೇಳಿದ್ದಾರೆ. ಕೆಲವು ಬೆಳಗು ಬದನೆಕಾಯಿ ಮತ್ತೆ ಬರುತ್ತದೆ, ಆ ದಿನ ಕತ್ತರಿಗೂ ರಜೆ. ಆದರೆ ಕವಾಯತಿನ ದಿನ ನನ್ನ ಮಗಳು ಆ ಕೋಟಿನಲ್ಲಿ ನಡೆದು ಬಂದಾಗ ಭುಜದ ಹತ್ತಿರ ಒಂದು ಸುಕ್ಕೂ ಇರಲಿಲ್ಲ. ಗಾರ್ಡು ಸಾಹೇಬರು ಹೊಡೆದ ಚಪ್ಪಾಳೆಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಹೆಂಡತಿ ನನ್ನ ಊದಿದ ಬೆರಳನ್ನು ತನ್ನ ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದಳು.

ಹೋದ ಶನಿವಾರ ಸಂಜೆ ಒಳಗಿಂದ ಮತ್ತೆ ಅದೇ ಕೂಗು. "ರೀ, ಸೊಂಟ ಹಿಡ್ದಿದೆ!"

ಈಗ ನಾನು ಬುದ್ಧಿವಂತ. "ಯಾವ ಪ್ಯಾಂಟಿಂದೇ?" ಅಂದೆ.

"ಪ್ಯಾಂಟಿಂದಲ್ಲ ಕಣ್ರೀ, ನಂದು! ಇಡೀ ದಿನ ಮಿಷನ್ ಮುಂದೆ ಕೂತಿದೀನಿ. ಬಂದು ಎಬ್ಬಿಸಿ."

ಹೋಗಿ ಕೈ ಕೊಟ್ಟು ಎಬ್ಬಿಸಿದೆ. ಮರುದಿನ ಬೆಳಿಗ್ಗೆ ಕೊಳಕ್ಕೆ ಅವಳನ್ನೂ ಕರೆದುಕೊಂಡು ಹೋದೆ.