ಕರ್ಚೀಫ್ ಹಾಕಿದ ಜಾಗ

“ಏಳ್ರಿ ಅಲ್ಲಿಂದ,” ಎಂದಳು ಕಾಶವ್ವ, ಗಂಡನ ಹಣೆಗೆ ವಿಭೂತಿ ಹಚ್ಚುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿ.

ಬೊರಿವಲಿಯ ಚಾಳಿನ ಒಂದೇ ಕೋಣೆಯಲ್ಲಿ ಶೆಟ್ಟೆಪ್ಪನ ಹೆಣವನ್ನು ಕುರ್ಚಿಗೆ ಬಿಗಿದು ಕೂರಿಸಿದ್ದರು. ಅವನ ಮಗ್ಗುಲಿಗೆ ಮೋನಪ್ಪ ಬಂದು ಕೂತುಬಿಟ್ಟಿದ್ದ. ಇಪ್ಪತ್ತೆರಡು ವರ್ಷ ಶೆಟ್ಟೆಪ್ಪನ ಜೊತೆ ಲೋಕಲ್ ರೈಲಿನಲ್ಲಿ ಫೋರ್ಟಿನ ಕೆಲಸಕ್ಕೆ ಹೋಗಿಬಂದವನು. ತೊಡೆಯ ಮೇಲೆ ಗಂಧದ ಕೊರಡು.

“ಚಿತೆಗೆ ಇಡುವ ಅಂತ ತಂದೆ, ಅಕ್ಕ.”

“ನಮ್ಮಾಗ ಸುಡೂದಿಲ್ಲ. ಕುಂಡ್ರಿಸಿ ಮಣ್ಣು ಮಾಡ್ತಾರ. ಇಷ್ಟು ವರ್ಷ ಕಂಪನಿ ಕೊಟ್ಟೀರಿ, ಇದೊಂದು ಹೇಳಿಲ್ಲೇನು ನಿಮ್ಮ ದೋಸ್ತ?”

ನೆರೆಮನೆಯ ಗುರುಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೋನಪ್ಪ ಕೊರಡನ್ನು ಕುರ್ಚಿಯ ಕೆಳಗೆ ಸರಿಸಿದ. ಕಾಶವ್ವ ಕಾಲಿನಿಂದ ಅದನ್ನು ಆಚೆ ತಳ್ಳಿದಳು.

*

ವರ್ಷಗಳ ಹಿಂದೆ ಒಂದು ರವಿವಾರ ಅವಳು ಮೆಂತ್ಯದ ಸಿವುಡು ಬಿಚ್ಚಿ, ಪಕ್ಕಕ್ಕೊಂದು ಮಣೆ ಹಾಕಿದ್ದಳು.

“ಪಲ್ಲೆ ಸೋಸೂತನಕ ಕುಂಡ್ರಿ ಬರ್ರಿ.”

“ಮೋನಪ್ಪ ಒಬ್ಬನ ಅದಾನ. ಕಂಪನಿ ಕೊಟ್ಟು ಬರ್ತೀನಿ.”

ಶೆಟ್ಟೆಪ್ಪ ಅಂಗಿಯ ಗುಂಡಿ ಹಾಕುತ್ತಲೇ ಮೆಟ್ಟಿಲಿಳಿದ. ದೀಪ ಹಚ್ಚುವ ಹೊತ್ತಿಗೆ ಬಂದ, ಉಂಡ, ಗೋಡೆಗೆ ಮುಖ ಮಾಡಿ ಮಲಗಿದ. ಆ ಮಣೆಯನ್ನು ಅವಳು ಮತ್ತೆಂದೂ ಹಾಕಲಿಲ್ಲ. ಶಿವ ಒಬ್ಬೊಬ್ಬರಿಗೆ ಇಷ್ಟಿಷ್ಟು ಹೊತ್ತು ಎಂದು ಕೊಟ್ಟು ಕಳಿಸಿರುತ್ತಾನೆ. ತನ್ನ ಪಾಲಿನ ಹೊತ್ತನ್ನು ಯಾರು ಉಂಡರೆಂದು ಅವಳಿಗೆ ಗೊತ್ತಿತ್ತು.

*

“ಏನು ಮಾತಾಡ್ತಿದ್ರು ನಿಮ್ಮ ಕೂಡ?” ಕುರ್ಚಿಯ ಮುಂದೆ ಬಿಲ್ವದ ಸರ ಕಟ್ಟುತ್ತ ಕಾಶವ್ವ ಮೋನಪ್ಪನನ್ನು ಕೇಳಿದಳು.

“ಮಾತು ಎಂತದ್ದೂ ಇಲ್ಲ, ಅಕ್ಕ. ನಾನು ಮೊದಲು ಹತ್ತಿ ಕರ್ಚೀಫ್ ಹಾಕಿ ಸೀಟ್ ಹಿಡಿಯುವುದು. ಅವರು ಬಂದು ಕೂತು, ನನ್ನ ಹೆಗಲಿಗೆ ತಲೆಯಿಟ್ಟು ಚರ್ಚ್‌ಗೇಟಿನವರೆಗೆ ನಿದ್ದೆ.”

“ಹೆಗಲಿಗೆ?”

“ಹೌದು. ದಿನಾ.”

ದಾರ ಅವಳ ಬೆರಳಲ್ಲಿ ತುಂಡಾಯಿತು. ಎಲೆಗಳು ನೆಲದ ಮೇಲೆ ಚೆದುರಿದವು.

“ಮಣ್ಣಿಗೆ ನೀವು ಬರಬ್ಯಾಡ್ರಿ,” ಎಂದಳು. “ಇಲ್ಲಿತನಕ ಬಂದದ್ದು ಸಾಕು.”

ಹೆಣ ಒಯ್ಯುವ ಗಾಡಿ ಬಂತು. ಕುರ್ಚಿಯನ್ನು ಹಾಗೆಯೇ ಎತ್ತಿ ಒಳಗಿನ ಬೆಂಚಿಗೆ ಒತ್ತಿ ಇಟ್ಟರು. ಉಳಿದವರು ಹತ್ತುವ ಮೊದಲೇ ಮೋನಪ್ಪನ ಕೈ ಕಿಟಕಿಯಿಂದ ಒಳನುಗ್ಗಿ, ಶೆಟ್ಟೆಪ್ಪನ ಪಕ್ಕದ ಜಾಗಕ್ಕೆ ನೀಲಿ ಚೌಕಳಿಯ ಕರ್ಚೀಫ್ ಎಸೆಯಿತು. ಎಸೆದ ಮೇಲೆ ಅವನೇ ತಬ್ಬಿಬ್ಬಾದ.

ಕಾಶವ್ವ ಹತ್ತಿದಳು. ಕರ್ಚೀಫನ್ನು ನೋಡಿದಳು. ಅದರ ಮೇಲೆಯೇ ಕೂತಳು.

“ಬಾಗಲಾ ಹಾಕ್ರಿ.”

ತಿರುವಿನಲ್ಲಿ ಗಾಡಿ ಕುಲುಕಿತು. ಕಟ್ಟು ಸಡಿಲಾಗಿ ಶೆಟ್ಟೆಪ್ಪ ಕೂತಲ್ಲೇ ವಾಲಿದ. ವಿಭೂತಿ ಬಳಿದ ತಲೆ ಅವಳ ಹೆಗಲಿಗೆ ಬಂತು. ನೆಟ್ಟಗೆ ಮಾಡಲು ಗುರುಬಾಯಿ ಕೈ ಚಾಚಿದಳು.

“ಮುಟ್ಟಬ್ಯಾಡ,” ಎಂದು ಕಾಶವ್ವ ಹೆಗಲನ್ನು ತುಸು ತಗ್ಗಿಸಿದಳು.