ಆಲದ ಪೊಟರೆಯಲ್ಲಿ ಒಲೆ ಬೇಡ

ಗುಂಡ್ಲುಪೇಟೆಯಿಂದ ತೆರಕಣಾಂಬಿಗೆ ಹೋಗುವ ದಾರಿಯ ಆಲದ ಮರಗಳನ್ನು ನೋಡಲು ಆ ವರ್ಷ ಜನವೋ ಜನ. ಎರಡೂ ಬದಿಯ ಕೊಂಬೆಗಳು ರಸ್ತೆಯ ಮೇಲೆ ಚಪ್ಪರ ಹಾಕಿದ್ದವು. ಊಟಿಗೆ ಹೊರಟವರೂ ದಾರಿ ಬದಲಿಸಿ ಬಂದು, ಬಿಳಲಿಗೆ ಜೋತುಬಿದ್ದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಜನರ ಹಿಂದೆಯೇ ಅಂಗಡಿಗಳು ಬಂದವು. ಮರದ ಬುಡದಲ್ಲೇ ಒಲೆ, ಬುಡದಲ್ಲೇ ಕಸಕ್ಕೆ ಬೆಂಕಿ.

ಪುಟ್ಟಮಾದು ಮತ್ತು ಅವನ ಹೆಂಡತಿ ಮೂಗಮ್ಮ ಅಲ್ಲಿ ಮುಸುಕಿನ ಜೋಳ ಸುಟ್ಟು ಮಾರುತ್ತಿದ್ದರು. ಗಾಳಿಗೆ ಕೆಂಡ ಹಾರಬಾರದೆಂದು ಪುಟ್ಟಮಾದು ದೊಡ್ಡ ಆಲವೊಂದರ ಪೊಟರೆಯೊಳಗೇ ಒಲೆ ಹೂಡಿದ್ದ.

ಬೇಸಿಗೆಯ ಒಂದು ಭಾನುವಾರ ಅವನ ತಂಗಿ ನೀಲಾವತಿ ಬಂದಳು. ಹಂಗಳದ ಹತ್ತಿರದ ಸಸಿ ನರ್ಸರಿಯಲ್ಲಿ ಅವಳಿಗೆ ಕೆಲಸ.

"ಅಣ್ಣೋ, ಮೊದ್ಲು ಒಲೆ ಈಚೆಗೆ ಎತ್ತು. ಮರ ಸತ್ತೋಯ್ತದೆ."

"ಓಗಮ್ಮಿ! ನಮ್ ತಾತ ಉಟ್ಟೋಕು ಮುಂಚಿನ್ ಮರ. ಒಂದ್ ಬೊಗಸೆ ಕೆಂಡಕ್ಕೆ ಸತ್ತೋಯ್ತದಾ?"

"ಮರದ ಜೀವ ಇರದು ತೊಗಟೆ ಒಳಮೈಲಿ ಕಣಣ್ಣ. ಎಲೆ ಮಾಡಿದ ಊಟ ಬೇರಿಗೆ ಇಳಿಯದು ಅದ್ರಲ್ಲೇ. ಅದು ಸುಟ್ಟೋದ್ರೆ ಬೇರು ಉಪಾಸ ಬೀಳ್ತದೆ. ಪೊಟರೆ ಒಳಗೆ ಒಣಗಿರೋ ಕಡೆ ಕಿಡಿ ತಾಕುದ್ರಂತೂ ಹೊರಗಿರೋರ್ಗೆ ಗೊತ್ತೇ ಆಗಕಿಲ್ಲ."

"ಅವಳು ಹೇಳದ ಒಸಿ ಕೇಳಿ," ಎಂದಳು ಮೂಗಮ್ಮ.

"ಯಾಪಾರದ್ ಒತ್ನಲ್ಲಿ ಇಬ್ರೂ ಸುಮ್ಕಿರಿ," ಎಂದು ಪುಟ್ಟಮಾದು ಕೆಂಡಕ್ಕೆ ಬೀಸತೊಡಗಿದ.

ಆಗಲೇ ಕೇರಳದ ಬಸ್ಸೊಂದು ಬಂದು ನಿಂತಿತು. ಮಕ್ಕಳು ಕೇಕೆ ಹಾಕುತ್ತ ಇಳಿದು ಬಿಳಲು ಹಿಡಿದು ತೂಗಾಡಿದವು. ಇದ್ದಕ್ಕಿದ್ದಂತೆ ಹುಡುಗಿಯೊಬ್ಬಳು ಮೇಲಕ್ಕೆ ಕೈ ತೋರಿಸಿ ಹೊಗೆ ಎಂದು ಮಲಯಾಳದಲ್ಲಿ ಕಿರುಚಿದಳು. "ಪುಗ! ಪುಗ!"

ಪುಟ್ಟಮಾದು ಕತ್ತೆತ್ತಿ ನೋಡಿದ. ಎರಡಾಳೆತ್ತರದ ತೂತಿನಿಂದ ಕಪ್ಪು ಹೊಗೆ ನುಗ್ಗುತ್ತಿತ್ತು.

"ಮಕ್ಕಳ್ನ ದೂರ ಕರ್ಕೊಳಿ! ಬಸ್ ತೆಗೀರಿ!" ನೀಲಾವತಿ ಕೂಗಿದಳು. ಪುಟ್ಟಮಾದು ಒಲೆ ಎಳೆದು ಹಾಕಿ, ಬಿಂದಿಗೆ ನೀರೆಲ್ಲ ಸುರಿದ. ಒಳಗೆ ಬೆಂಕಿ ಭರ್ರೆನ್ನುತ್ತಲೇ ಇತ್ತು.

"ಕೆಳಗಿಂದ ಗಾಳಿ ಎಳೀತಾ ಅದೆ! ಪೊಟರೆ ಬಾಯಿಗೆ ಹಸಿ ಮಣ್ಣು ಮೆತ್ತಣ್ಣ!"

ಪಕ್ಕದ ಹೊಲದ ಗುರುಪಾದಸ್ವಾಮಿ ಓಡಿ ಪಂಪ್‌ಸೆಟ್ ಹಾಕಿದರು. ಹೊಲದಿಂದ ಮರದವರೆಗೆ ಜನ ಸಾಲು ನಿಂತರು. ಇಸ್ತ್ರಿ ಮಾಡಿದ ಅಂಗಿಯವರು, ರೇಷ್ಮೆ ಸೀರೆಯವರು, ಬಸ್ಸಿನ ಡ್ರೈವರ್, ಎಲ್ಲರ ಕೈಯಲ್ಲೂ ಕೆಸರು. ಪೊಟರೆಯ ಬಾಯಿ ಮುಚ್ಚಿತು. ಪುಟ್ಟಮಾದು ಹೊಲದ ಮನೆಯಿಂದ ತಂದ ಏಣಿ ಹತ್ತಿ ಮೇಲಿನ ತೂತಿಗೆ ಬಿಂದಿಗೆ ಮೇಲೆ ಬಿಂದಿಗೆ ನೀರು ಸುರಿದ.

"ಉಯ್ಯಣ್ಣ! ಇನ್ನೂ ಉಯ್ಯಿ!"

ಬುಸ್ಸೆಂದು ಬಿಳಿ ಹಬೆ ಎದ್ದಿತು. ಹೊಗೆ ನಿಂತಿತು. ರಸ್ತೆ ತುಂಬ ಶಿಳ್ಳೆ, ಚಪ್ಪಾಳೆ! ಭಾಷೆ ಬಾರದವರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಪುಟ್ಟಮಾದು ಮಾತ್ರ ಇಳಿದು ಬಂದು ತೊಗಟೆಗೆ ಅಂಗೈ ಇಟ್ಟ. ಇನ್ನೂ ಬಿಸಿಯಿತ್ತು. "ಬದುಕ್ತದಾ ನೀಲಾ? ನಾನೇ ಕೊಂದ್ಬುಟ್ನಾ?"

"ಒಂದ್ ಪಕ್ಕ ಹಸಿ ಉಳ್ದದೆ ಅಣ್ಣ. ಮಳೆ ಬರ್ಲಿ, ನೋಡನ."

ಮಳೆ ಬಂತು. ರಸ್ತೆ ಕಡೆಯ ದೊಡ್ಡ ಕೊಂಬೆ ಒಣಗಿಯೇ ಹೋಯಿತು, ಕಡಿಯಬೇಕಾಯಿತು. ಚಪ್ಪರಕ್ಕೆ ಅಲ್ಲೊಂದು ಕಂಡಿ ಬಿತ್ತು. ಆದರೆ ಒಂದು ಬೆಳಿಗ್ಗೆ ಮೂಗಮ್ಮ ಊರಿಗೆಲ್ಲ ಕೇಳುವಂತೆ ಕೂಗಿಕೊಂಡು ಬಂದಳು. "ಚಿಗುರ್‌ಬುಡ್ತು ಕಣ್ರೀ! ಹೊಲದ ಕಡೆ ಪೂರ್ತಿ ಚಿಗುರ್‌ಬುಡ್ತು!"

ಪುಟ್ಟಮಾದು ಎದ್ದವನೇ ಚಪ್ಪಲಿ ಮರೆತು ಓಡಿದ. ಈಗ ಅವನ ಒಲೆ ಕಬ್ಬಿಣದ ಬಾಣಲಿಯಲ್ಲಿ, ಮರಗಳಿಂದ ದೂರದ ಬಯಲಿನಲ್ಲಿ ಉರಿಯುತ್ತದೆ. ಬುಡದಲ್ಲಿ ಯಾರು ಕಡ್ಡಿ ಗೀರಿದರೂ ಜಗಳಕ್ಕೆ ಅವನೇ ಮೊದಲು.

ಬಂಧುಗಳೇ, ಸಾಲುಮರದ ಬುಡದಲ್ಲಿ ಒಲೆ ಹೂಡಬೇಡಿ, ಕಸ ಸುಡಬೇಡಿ. ಹೊಗೆ ಕಂಡರೆ ಮಕ್ಕಳನ್ನು ದೂರ ಕಳಿಸಿ, ಜನರನ್ನು ಕೂಗಿ, ಅಗ್ನಿಶಾಮಕ ದಳಕ್ಕೆ ತಿಳಿಸಿ. ನೀವು ನಿಂತ ಈ ನೆರಳನ್ನು ನೆಟ್ಟವರು ಯಾರೋ ನಮಗೆ ಗೊತ್ತಿಲ್ಲ. ಉಳಿಸಿಕೊಳ್ಳಬೇಕಾದವರು ಮಾತ್ರ ನಾವೇ.